ಹುಳಿ ಎಣ್ಣೆಯ ಹುಳಿ ಎಲ್ಲಿಗೆ ಹೋಗುತ್ತದೆ?

ಕಚ್ಚಾ ತೈಲದ ದರದ ಬಗ್ಗೆ ಈ ಅಂಕಣದಲ್ಲಿ ಬರೆದಾಗಲೆಲ್ಲ ಮರುವಾರ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಖಾಯಂ. ಕಳೆದ ಸಲ ಕೇಳಿದವರು ಕುಂದಾಪುರ ಕಡೆಯ ನಿವೃತ್ತ ಮೇಷ್ಟ್ರೊಬ್ಬರು. "ಅಲ್ಲ ಮಾರಾಯ್ರೆ, ಸಿಹಿ ಎಣ್ಣೆ, ಹುಳಿ ಎಣ್ಣೆ ಅಂತ ಬರೀತೀರಿ. ನೆಲದಡಿಯಿಂದ ಬರುವ ಆ ಕಪ್ಪು ರಾಡಿಯನ್ನು ನೆಕ್ಕಿ ನೋಡಿದವರು ಯಾರು?" ಎಂದರು. ಇಬ್ಬರೂ ನಕ್ಕೆವು. ಆದರೆ ನೆಕ್ಕಿ ನೋಡಿದವರು ನಿಜಕ್ಕೂ ಇದ್ದರಂತೆ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಎಣ್ಣೆ ಬಾವಿ ತೋಡುತ್ತಿದ್ದವರ ಹತ್ತಿರ ಪ್ರಯೋಗಾಲಯ ಎಲ್ಲಿತ್ತು? ಬಾವಿಯಿಂದ ಬಂದದ್ದಕ್ಕೆ ಬೆರಳು ಅದ್ದಿ ಮೂಸುತ್ತಿದ್ದರು, ಒಂಚೂರು ನಾಲಿಗೆಗೂ ತಾಗಿಸುತ್ತಿದ್ದರು ಎಂಬ ಮಾತು ಆ ಉದ್ಯಮದಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಗಂಧಕ ಕಡಿಮೆ ಇದ್ದದ್ದು ಅವರ ಬಾಯಿಗೆ ಸಿಹಿ ಅನ್ನಿಸಿತು, ಹೆಚ್ಚಿದ್ದದ್ದು ಹುಳಿ. ನಾಲಿಗೆಯ ಕೆಲಸವನ್ನು ಈಗ ಯಂತ್ರ ಮಾಡುತ್ತದೆ, ಹೆಸರು ಮಾತ್ರ ಹಾಗೇ ಉಳಿದಿದೆ. ತೂಕದಲ್ಲಿ ಶೇ 0.5ಕ್ಕಿಂತ ಕಡಿಮೆ ಗಂಧಕವಿದ್ದರೆ ಸ್ವೀಟ್ ಕ್ರೂಡ್, ಅದಕ್ಕಿಂತ ಹೆಚ್ಚಿದ್ದರೆ ಸವರ್ ಕ್ರೂಡ್.

ಟಿವಿಯಲ್ಲಿ ದಿನಾ ಹೆಸರು ಕೇಳುವ ಬ್ರೆಂಟ್ ತೈಲದಲ್ಲಿ ಗಂಧಕ ಸುಮಾರು ಶೇ 0.4. ಅಮೆರಿಕದ ಡಬ್ಲ್ಯುಟಿಐ ಅದಕ್ಕಿಂತ ಸಿಹಿ. ನಮ್ಮ ಮುಂಬೈ ಹೈ ಎಣ್ಣೆಯದು ಶೇ 0.2ಕ್ಕಿಂತಲೂ ಕಡಿಮೆ. ಸೌದಿಯ ಅರಬ್ ಲೈಟ್ ಶೇ 2ರ ಹತ್ತಿರಕ್ಕೆ ಬರುತ್ತದೆ, ಮೆಕ್ಸಿಕೊದ ಮಾಯಾ ಶೇ 3 ದಾಟುತ್ತದೆ, ಇರಾಕಿನ ಬಸ್ರಾ ಹೆವಿ ಶೇ 4ರ ಆಸುಪಾಸು. ಶೇಕಡಾ ಎರಡು ಎಂದರೆ ಏನು ಮಹಾ ಅನ್ನಿಸಬಹುದು. ತಕ್ಕಡಿಗೆ ಹಾಕಿ ನೋಡಿ. ಒಂದು ಪೀಪಾಯಿ ಅಂದರೆ 159 ಲೀಟರ್, ತೂಕ ಸುಮಾರು 136 ಕಿಲೋ. ಅರಬ್ ಲೈಟಿನ ಒಂದು ಪೀಪಾಯಿಯಲ್ಲಿ ಎರಡೂವರೆ ಕಿಲೋಗೂ ಮೇಲೆ ಗಂಧಕ ಇರುತ್ತದೆ. ದೊಡ್ಡ ಟ್ಯಾಂಕರ್ ಹಡಗು 20 ಲಕ್ಷ ಪೀಪಾಯಿ ಹೊರುತ್ತದೆ. ಅದರೊಳಗಿನ ಗಂಧಕವನ್ನು ಹೊರತೆಗೆದು ಹತ್ತು ಟನ್ನಿನ ಲಾರಿಗಳಿಗೆ ತುಂಬಿದರೆ ಐನೂರು ಲೋಡು ದಾಟುತ್ತದೆ. ಸಿಹಿ-ಹುಳಿಯ ಕಥೆಯೆಲ್ಲ ಈ ಐನೂರು ಲೋಡಿನದು. ಗಂಧಕ ಒಂದು ಮೂಲವಸ್ತು. ಸುಟ್ಟರೂ ಕಾಯಿಸಿದರೂ ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಅದನ್ನು ಎಲ್ಲಿ ಇಳಿಸುವುದು, ಇಳಿಸುವ ಕೂಲಿ ಯಾರು ಕೊಡುವುದು ಎಂಬುದು ಎಣ್ಣೆಯ ಗುಣದ ಮೇಲೂ ಕಾಣುತ್ತದೆ, ದರದ ಮೇಲೂ ಕಾಣುತ್ತದೆ.

ಎಣ್ಣೆಯೊಳಕ್ಕೆ ಅದು ಬಂದದ್ದಾದರೂ ಹೇಗೆ? ಕರಾವಳಿಯವರಿಗೆ ಇದನ್ನು ವಿವರಿಸುವುದು ಸುಲಭ. ಅಳಿವೆಯ ಬದಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಾಲಿಟ್ಟವರಿಗೆ ಗೊತ್ತು, ಹೆಜ್ಜೆ ಹೂತ ಕೂಡಲೇ ಕಪ್ಪು ಕೆಸರಿನಿಂದ ಕೊಳೆತ ಮೊಟ್ಟೆಯ ವಾಸನೆ ಗಪ್ಪೆಂದು ಮೇಲೇಳುತ್ತದೆ. ಗದ್ದೆಯ ಕೆಸರಿಗೆ ಅಷ್ಟು ನಾತ ಇಲ್ಲ. ವ್ಯತ್ಯಾಸ ಇರುವುದು ಉಪ್ಪುನೀರಿನಲ್ಲಿ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಲವಣ ಧಾರಾಳ. ಗಾಳಿಯಾಡದ ಕೆಸರಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಈ ಸಲ್ಫೇಟನ್ನೇ ಬಳಸಿ ಉಸಿರಾಡುತ್ತವೆ. ಅವು ಹೊರಬಿಡುವುದು ಹೈಡ್ರೋಜನ್ ಸಲ್ಫೈಡ್ ಅನಿಲ, ಅದೇ ಆ ಮೊಟ್ಟೆ ವಾಸನೆ. ಕೆಸರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಗಂಧಕವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಕಾಂಡ್ಲಾ ಕೆಸರು ಕಪ್ಪಾಗಿರುವುದಕ್ಕೆ ಒಂದು ಕಾರಣ ಈ ಕಬ್ಬಿಣದ ಸಲ್ಫೈಡ್. ಕೊಲ್ಲಿ ಪ್ರದೇಶದ ಪ್ರಾಚೀನ ಸಮುದ್ರಗಳ ತಳದಲ್ಲಿ ಕೂತದ್ದು ಹೆಚ್ಚಾಗಿ ಸುಣ್ಣದ ಹೂಳು, ಅದರಲ್ಲಿ ಕಬ್ಬಿಣ ಕಡಿಮೆ. ಹಿಡಿಯುವವರಿಲ್ಲದ ಗಂಧಕ ಸತ್ತ ಪಾಚಿ, ಸೂಕ್ಷ್ಮಜೀವಿಗಳ ಅವಶೇಷದೊಳಕ್ಕೇ ಸೇರಿಕೊಂಡಿತು. ಕೋಟ್ಯಂತರ ವರ್ಷ ನೆಲದ ಬಿಸಿಯಲ್ಲಿ ಬೆಂದು ಅದೇ ಹುಳಿ ಎಣ್ಣೆಯಾಯಿತು.

ಸಿಹಿನೀರಿನ ಸರೋವರದ ತಳದಲ್ಲಿ ಹುಟ್ಟಿದ ಎಣ್ಣೆಗೆ ಈ ಯೋಗ ಇಲ್ಲ, ಅಲ್ಲಿ ಸಲ್ಫೇಟೇ ಕಡಿಮೆ. ರಾಜಸ್ಥಾನದ ಬಾರ್ಮೇರ್ ಎಣ್ಣೆ ಇಂಥದ್ದು. 2004ರಲ್ಲಿ ಅಲ್ಲಿ ಮಂಗಳಾ ನಿಕ್ಷೇಪ ಸಿಕ್ಕಿತು. ಗಂಧಕ ತೀರಾ ಕಡಿಮೆ, ಆದರೆ ಮೇಣ ಎಷ್ಟು ತುಂಬಿದೆಯೆಂದರೆ ಮರುಭೂಮಿಯ ಹಗಲಿನಲ್ಲೂ ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ ಗಟ್ಟಿಯಾಗಿಬಿಡುತ್ತದೆ. ಗುಜರಾತಿನವರೆಗೆ ಸಾಗಿಸಲು ಉದ್ದಕ್ಕೂ ಬಿಸಿ ಮಾಡುತ್ತಾ ಹೋಗುವ ಕೊಳವೆ ಹಾಕಬೇಕಾಯಿತು. ಸಿಹಿ ಎಂದ ಮಾತ್ರಕ್ಕೆ ಸಲೀಸು ಎಂದು ತಿಳಿಯಬಾರದು, ಅದಕ್ಕಾಗಿ ಈ ಉದಾಹರಣೆ ಕೊಟ್ಟೆ.

ಆದರೂ ಸಾಮಾನ್ಯವಾಗಿ ಗಂಧಕ ಹೆಚ್ಚಿದ್ದಷ್ಟೂ ಎಣ್ಣೆ ಭಾರ, ಮಂದ. ಗಂಧಕದ ಪರಮಾಣುವೇ ಇಂಗಾಲದ ಎರಡೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣವೆಂದರೆ ಅದು ಕೂರುವ ಜಾಗ. ಎಣ್ಣೆಯೊಳಗೆ ಅದು ಹಳದಿ ಪುಡಿಯಾಗಿ ತೇಲುತ್ತಿರುವುದಿಲ್ಲ, ಬಟ್ಟೆಯಲ್ಲಿ ಸೋಸಿ ತೆಗೆಯುವ ಹಾಗಿಲ್ಲ. ಉಂಗುರಕ್ಕೆ ಉಂಗುರ ಸೇರಿದ ದೊಡ್ಡ ದೊಡ್ಡ ಅಣುಗಳೊಳಗೆ ಹೆಣೆದುಕೊಂಡಿರುತ್ತದೆ. ಅವು ತೂಕದವು, ಒಂದಕ್ಕೊಂದು ಅಂಟುವಂಥವು. ಅದರ ಮೇಲೆ ನೆಲದಡಿಯ ಬ್ಯಾಕ್ಟೀರಿಯಾಗಳು ಹಗುರ ಅಣುಗಳನ್ನು ಮೊದಲು ತಿಂದು ಮುಗಿಸಿದ್ದರೆ ಉಳಿದದ್ದು ಇನ್ನೂ ಗಟ್ಟಿ, ಇನ್ನೂ ಹುಳಿ. ತಿಳಿಸಾರು ಬಗ್ಗಿಸಿಕೊಂಡ ಮೇಲೆ ಪಾತ್ರೆಯ ತಳದಲ್ಲಿ ಹುಳಿ, ಖಾರ ಎಲ್ಲ ಕೂತಿರುತ್ತದಲ್ಲ, ಎಣ್ಣೆಯದೂ ಅದೇ ಪಾಡು. ಅರಬ್ ಲೈಟನ್ನು ಕಾಯಿಸಿ ಬೇರ್ಪಡಿಸಿದರೆ ಪೆಟ್ರೋಲಿಗೆ ಹೋಗುವ ಹಗುರ ಭಾಗದಲ್ಲಿ ಗಂಧಕ ನಾಮಮಾತ್ರ, ಡೀಸೆಲ್ ಭಾಗದಲ್ಲಿ ಶೇ 1ರ ಸುಮಾರು, ತಳದ ಡಾಂಬರಿನಂಥ ಶೇಷದಲ್ಲಿ ಶೇ 4ರ ಹತ್ತಿರ.

ವಾಸನೆಯ ಮಾತು ಬಂದಾಗ ನನ್ನ ಭಾವನ ನೆನಪಾಗುತ್ತದೆ. ಕೊಲ್ಲಿಯ ಒಂದು ರಿಫೈನರಿಯಲ್ಲಿ ಹದಿನಾಲ್ಕು ವರ್ಷ ವೆಲ್ಡರ್ ಆಗಿದ್ದವರು. ರಜೆಯಲ್ಲಿ ಊರಿಗೆ ಬಂದಾಗ ಒಮ್ಮೆ ಅವರ ಪೆಟ್ಟಿಗೆಯಲ್ಲಿ ಅಂಗಿಯ ಜೇಬಿಗೆ ಸಿಕ್ಕಿಸುವಂಥ ಹಳದಿ ಬಣ್ಣದ ಸಣ್ಣ ಡಬ್ಬಿ ಕಂಡು, ಪೇಜರ್ ಇರಬೇಕೆಂದು ಕೇಳಿದ್ದೆ. ಹೈಡ್ರೋಜನ್ ಸಲ್ಫೈಡ್ ಅಳೆಯುವ ಉಪಕರಣ ಅದು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು ಆದ ಕೂಡಲೇ ಕೀಚಲು ದನಿಯಲ್ಲಿ ಕಿರುಚುತ್ತದೆ. "ಡಬ್ಬಿ ಯಾಕೆ ಭಾವ, ವಾಸನೆಯೇ ಬರುತ್ತದಲ್ಲ?" ಎಂದಿದ್ದಕ್ಕೆ ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ವಾಸನೆ ಬರ್ತಾ ಉಂಟಾದ್ರೆ ನೀನು ಬದುಕಿದ್ದಿ ಮಾರಾಯ. ಬರ್ತಾ ಇದ್ದ ವಾಸನೆ ನಿಂತ್ರೆ ಮಾತ್ರ ಓಡ್ಬೇಕು." ಅದು ಬರೀ ಚಮತ್ಕಾರದ ಮಾತಲ್ಲ, ಶುದ್ಧ ಶರೀರಶಾಸ್ತ್ರ. ಹತ್ತು ಲಕ್ಷಕ್ಕೆ ಒಂದು ಪಾಲೂ ಇಲ್ಲದಾಗಲೇ ಮೂಗಿಗೆ ಗೊತ್ತಾಗುವ ಈ ಅನಿಲ ನೂರು ಪಾಲು ಮುಟ್ಟಿದಾಗ ಮೂಗಿನ ನರವನ್ನೇ ಮಂಕಾಗಿಸುತ್ತದೆ. ಐನೂರರಿಂದ ಸಾವಿರ ಪಾಲಾದರೆ ಪ್ರಾಣ ಉಳಿಯುವುದು ಕಷ್ಟ. ಗಾಳಿಗಿಂತ ಭಾರವಾದ್ದರಿಂದ ಟ್ಯಾಂಕಿನ ತಳದಲ್ಲಿ, ಹೊಂಡದಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಹುಳಿ ಎಣ್ಣೆ ತುಂಬಿಟ್ಟ ಉಕ್ಕಿನ ಟ್ಯಾಂಕಿನ ಒಳಮೈಗೆ ಕಬ್ಬಿಣದ ಸಲ್ಫೈಡಿನ ಪುಡಿ ಹತ್ತಿಕೊಂಡಿರುತ್ತದೆ. ಟ್ಯಾಂಕು ಖಾಲಿ ಮಾಡಿ ಬಾಗಿಲು ತೆರೆದಾಗ ಗಾಳಿ ತಾಗಿ ಆ ಪುಡಿ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಹಾಗಾಗಿ ತೆರೆಯುವ ಮೊದಲು ಅದನ್ನು ನೀರಿನಿಂದ ಒದ್ದೆ ಮಾಡಿಯೇ ಇಡುತ್ತಾರೆ. ಬೀಗ ಹಾಕಿದ ಮನೆಗೆ ವರ್ಷದ ಮೇಲೆ ಹೋದವರು ಕಿಟಕಿ ತೆಗೆದು ಗಾಳಿ ಆಡಲು ಬಿಡುವ ಹಾಗೆ ಅಲ್ಲಿ ಮಾಡುವಂತಿಲ್ಲ.

ಇವೆಲ್ಲಕ್ಕಿಂತ ಕಳ್ಳ ಗುಣವೆಂದರೆ ಉಕ್ಕನ್ನು ತಿನ್ನುವುದು. ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ಗಂಧಕ ಅಷ್ಟು ತಂಟೆ ಮಾಡುವುದಿಲ್ಲ. ಅದಕ್ಕಿಂತ ಬಿಸಿಯಾದರೆ ಕೊಳವೆಯ ಕಬ್ಬಿಣವನ್ನೇ ಸಲ್ಫೈಡ್ ಮಾಡುತ್ತ ಒಳಗಿನಿಂದ ಸವೆಸುತ್ತ ಹೋಗುತ್ತದೆ. ಹೊರಗೆ ತುಕ್ಕು ಕಾಣದು, ತೂತು ಕಾಣದು, ಗೋಡೆ ಒಂದೇ ಸಮ ತೆಳುವಾಗುತ್ತದೆ. 2012ರ ಆಗಸ್ಟ್ 6ರಂದು ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ಶೆವ್ರಾನ್ ಕಂಪನಿಯ ರಿಫೈನರಿಯಲ್ಲಿ ಹೀಗೆ ಸವೆದ ಒಂದು ಕೊಳವೆ ಒಡೆಯಿತು. ಹಬ್ಬಿದ ಆವಿಯ ಮೋಡದೊಳಗೆ ಸಿಕ್ಕಿದ 19 ಕೆಲಸಗಾರರು ಹೇಗೋ ಪಾರಾದರು. ಸುತ್ತಲ ಊರುಗಳ ಸುಮಾರು 15,000 ಜನ ಆಸ್ಪತ್ರೆಗಳಿಗೆ ಹೋಗಬೇಕಾಯಿತು. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆ ಎತ್ತಿ ತೋರಿಸಿದ ಒಂದು ಸಂಗತಿ ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು. ಆ ಕೊಳವೆಯಲ್ಲಿ ಹರಿಯುತ್ತಿದ್ದ ತೈಲದ ಗಂಧಕ 1984ರಲ್ಲಿ ಶೇ 0.8 ಇದ್ದದ್ದು ಎರಡು ದಶಕಗಳಲ್ಲಿ ಹೆಚ್ಚುಕಮ್ಮಿ ದುಪ್ಪಟ್ಟಾಗಿತ್ತು. ಕೊಳವೆ ಮಾತ್ರ 1976ರಲ್ಲಿ ಹಾಕಿದ ಸಾದಾ ಇಂಗಾಲದ ಉಕ್ಕಿನದು. ಕ್ರೋಮಿಯಂ ಬೆರೆಸಿದ ಉಕ್ಕು ಇದನ್ನು ಎಷ್ಟೋ ಚೆನ್ನಾಗಿ ತಡೆಯುತ್ತದೆ, ಆದರೆ ದುಬಾರಿ. ಹುಳಿ ಎಣ್ಣೆ ಅಗ್ಗ ಎಂದು ಕೊಳ್ಳುವವರು ಆ ಉಕ್ಕಿನ ಬಿಲ್ಲನ್ನೂ ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಹಾಕಬೇಕು.

ಹುಳಿ ಎಣ್ಣೆಯನ್ನು ಮೊದಲು ಪಳಗಿಸಿದ ಕಥೆ ನನಗೆ ಬಹಳ ಇಷ್ಟ. 1885ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಲಿಮಾ ಎಂಬ ಊರಿನಲ್ಲಿ ಎಣ್ಣೆ ಸಿಕ್ಕಿತು, ಅದೂ ಯಥೇಚ್ಛ. ಮೋಟಾರು ಕಾರು ಇನ್ನೂ ಬಂದಿರದ ಕಾಲ, ಎಣ್ಣೆ ಬೇಕಾಗಿದ್ದದ್ದು ದೀಪಕ್ಕೆ. ಲಿಮಾದ ಎಣ್ಣೆಯಿಂದ ತೆಗೆದ ಸೀಮೆಎಣ್ಣೆ ದುರ್ನಾತ ಬೀರುತ್ತಿತ್ತು, ಬತ್ತಿಗೆ ಕಿಟ್ಟ ಕಟ್ಟುತ್ತಿತ್ತು, ಗಾಜಿಗೆ ಮಸಿ ಹಿಡಿಯುತ್ತಿತ್ತು. ಸಂಜೆ ಬೂದಿ ಹಚ್ಚಿ ಲಾಟೀನಿನ ಗಾಜು ಒರೆಸುತ್ತಿದ್ದ ನನ್ನ ಅಜ್ಜಿಯಾದರೆ ಅಂಥ ಎಣ್ಣೆಯನ್ನು ತಂದವನ ತಲೆಗೇ ಸುರಿಯುತ್ತಿದ್ದರು. ಜನ ಅದಕ್ಕೆ ಸ್ಕಂಕ್ ಎಂಬ ನಾರುವ ಪ್ರಾಣಿಯ ಹೆಸರಿಟ್ಟರು. ಪೀಪಾಯಿಗೆ 15 ಸೆಂಟಿಗೂ ಅದು ಬಿಕರಿಯಾಗುವುದು ಕಷ್ಟವಿತ್ತು. ರಾಕ್‌ಫೆಲ್ಲರ್ ಮಾತ್ರ ಸ್ಟ್ಯಾಂಡರ್ಡ್ ಆಯಿಲ್‌ನ ತನ್ನ ಪಾಲುದಾರರ ವಿರೋಧದ ನಡುವೆಯೂ ಅದನ್ನೇ ಕೊಂಡು ಕೂಡಿಹಾಕತೊಡಗಿದ. ಜೊತೆಗೆ ಹರ್ಮನ್ ಫ್ರಾಶ್ ಎಂಬ ಜರ್ಮನ್ ಮೂಲದ ರಸಾಯನಜ್ಞನನ್ನು ಕೆಲಸಕ್ಕೆ ಹಚ್ಚಿದ. ಫ್ರಾಶ್ ತಾಮ್ರದ ಆಕ್ಸೈಡ್ ಬಳಸಿ ಗಂಧಕವನ್ನು ಹಿಡಿದು ಹೊರಗೆಳೆದ. ತಾಮ್ರವನ್ನು ಮತ್ತೆ ಹುರಿದು ಪುನಃ ಬಳಸುವ ಉಪಾಯವನ್ನೂ ಕಂಡುಕೊಂಡ. ಯಾರೂ ಮೂಸದಿದ್ದ ಎಣ್ಣೆಗೆ ರಾತ್ರಿ ಬೆಳಗಾಗುವುದರೊಳಗೆ ಎಂಬಂತೆ ಬೆಲೆ ಬಂತು.

ಎಣ್ಣೆಯಿಂದ ಗಂಧಕ ತೆಗೆದು ಹೆಸರು ಮಾಡಿದ ಈ ಫ್ರಾಶ್ ಆಮೇಲೆ ಹೊರಟದ್ದು ಗಂಧಕವನ್ನೇ ಹುಡುಕಿಕೊಂಡು! ಲೂಸಿಯಾನಾದ ಜೌಗುನೆಲದಡಿ ಶುದ್ಧ ಗಂಧಕ ಇತ್ತು, ಮೇಲೆ ಕುಸಿಯುವ ಮರಳು, ಇಳಿದು ಅಗೆಯುವಂತಿರಲಿಲ್ಲ. ಒತ್ತಡದಲ್ಲಿ ಅತಿಯಾಗಿ ಕಾಯಿಸಿದ ನೀರನ್ನು ಕೊಳವೆಯಲ್ಲಿ ಇಳಿಸಿ, ಗಂಧಕವನ್ನು ಅಲ್ಲೇ ಕರಗಿಸಿ ಮೇಲಕ್ಕೆತ್ತುವುದನ್ನು 1894ರಲ್ಲಿ ಮಾಡಿ ತೋರಿಸಿದ. ಇಪ್ಪತ್ತನೇ ಶತಮಾನದ ಬಹುಭಾಗ ಲೋಕದ ಗಂಧಕಕ್ಕೆ ಫ್ರಾಶ್ ವಿಧಾನದ ಗಣಿಗಳೇ ಆಧಾರ. ಆ ಗಣಿಗಳನ್ನು ಮುಚ್ಚಿಸಿದ್ದು ಯಾವುದು ಅಂದುಕೊಂಡಿರಿ? ಹುಳಿ ಎಣ್ಣೆ ಮತ್ತು ಹುಳಿ ಅನಿಲದಿಂದ ತೆಗೆದ ಗಂಧಕ. ಅಮೆರಿಕದ ಕೊನೆಯ ಫ್ರಾಶ್ ಗಣಿ 2000ದಲ್ಲಿ ಬಾಗಿಲು ಹಾಕಿತು. ತೆಗೆದು ಬಿಸಾಡಬೇಕಿದ್ದ ಮಾಲು ಮಾರುಕಟ್ಟೆ ತುಂಬಿದ ಮೇಲೆ ನೆಲ ಕರಗಿಸಿ ತೆಗೆಯುವವರು ಯಾರು?

ಈಗ ತಾಮ್ರದ ಕಾಲ ಹೋಗಿದೆ. ರಿಫೈನರಿಗಳಲ್ಲಿ ಹೈಡ್ರೋಜನ್ ಅನಿಲವನ್ನು 300ರಿಂದ 400 ಡಿಗ್ರಿ ಬಿಸಿಯಲ್ಲಿ, ಭಾರೀ ಒತ್ತಡದಲ್ಲಿ ಎಣ್ಣೆಯ ಜೊತೆ ಹಾಯಿಸುತ್ತಾರೆ. ಕೋಬಾಲ್ಟ್, ಮಾಲಿಬ್ಡಿನಂ ಸವರಿದ ಗುಳಿಗೆಗಳು ಅಲ್ಲಿ ದಲ್ಲಾಳಿ ಕೆಲಸ ಮಾಡುತ್ತವೆ. ಗಂಧಕವನ್ನು ಇಂಗಾಲದಿಂದ ಬಿಡಿಸಿ ಹೈಡ್ರೋಜನ್ನಿಗೆ ಕಟ್ಟುತ್ತವೆ. ಮತ್ತೆ ಅದೇ ಮೊಟ್ಟೆ ವಾಸನೆಯ ಅನಿಲ! ಅದರ ಮೂರನೇ ಒಂದು ಪಾಲನ್ನು ಸುಟ್ಟು, ಉಳಿದದ್ದರ ಜೊತೆ ಸೇರಿಸಿದರೆ ನೀರು ಮತ್ತು ಹಳದಿ ಗಂಧಕ ಸಿಗುತ್ತದೆ. ಇದು ಕಾರ್ಲ್ ಫ್ರೀಡ್ರಿಚ್ ಕ್ಲಾಸ್ 1883ರಲ್ಲಿ ಪೇಟೆಂಟ್ ಪಡೆದ ವಿಧಾನ, ಇಂದಿಗೂ ಅವನದೇ ಹೆಸರು. ಕೇಳಲು ಸುಲಭ, ಮಾಡಲು ದುಬಾರಿ, ಹೈಡ್ರೋಜನ್ ಪುಕ್ಕಟೆ ಬರುವುದಿಲ್ಲ. ಹಗುರ ಭಾಗಗಳಿಂದ ಗಂಧಕ ಬೇಗ ಬಿಡುತ್ತದೆ. ತಳದ ಶೇಷದಲ್ಲಿ ಉಂಗುರಗಳ ಮರೆಯಲ್ಲಿ ಅಡಗಿ ಕೂತದ್ದು ಮಾತ್ರ ಮೊಂಡು ಹಿಡಿಯುತ್ತದೆ.

ಇಷ್ಟೆಲ್ಲ ಖರ್ಚು ಮಾಡಿ ಯಾಕೆ ತೆಗೆಯಬೇಕು? ಮೂವತ್ತು ವರ್ಷದ ಹಿಂದೆ ಘಾಟಿಯಲ್ಲಿ ಬಸ್ಸಿನ ಹಿಂದೆ ಸ್ಕೂಟರ್ ಓಡಿಸಿದವರಿಗೆ ಉತ್ತರ ಬೇಕಿಲ್ಲ. ಗಂಧಕ ಉರಿದರೆ ಸಲ್ಫರ್ ಡೈಆಕ್ಸೈಡ್, ಅದು ಗಾಳಿಯ ತೇವದೊಡನೆ ಸೇರಿ ಆಮ್ಲ. ಆಗ ನಮ್ಮ ಡೀಸೆಲ್‌ನಲ್ಲಿ ಶೇ 1ರವರೆಗೂ ಗಂಧಕಕ್ಕೆ ಅವಕಾಶವಿತ್ತು. ಬಸ್ಸಿನ 200 ಲೀಟರ್ ಟ್ಯಾಂಕಿನಲ್ಲಿ ಒಂದೂವರೆ ಕಿಲೋಗೂ ಮೇಲೆ ಗಂಧಕ ಇರಬಹುದಿತ್ತು. ಹಂತಹಂತವಾಗಿ ಇಳಿಸುತ್ತ 2017ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ವಾಹನ ಹೊಗೆಯ ಬಿಎಸ್-4 ಮಾನದಂಡ ಬಂದಾಗ ಮಿತಿ ಹತ್ತು ಲಕ್ಷಕ್ಕೆ 50 ಪಾಲಾಯಿತು. ಬಿಎಸ್-5ನ್ನು ಹಾರಿ 2020ರ ಏಪ್ರಿಲ್ 1ರಿಂದ ಬಿಎಸ್-6, ಮಿತಿ ಬರೀ 10 ಪಾಲು. ಅದೇ ಟ್ಯಾಂಕಿನಲ್ಲಿ ಈಗ ಎರಡು ಗ್ರಾಂ ಕೂಡ ಇಲ್ಲ. ಹೊಗೆಯಷ್ಟೇ ಇದಕ್ಕೆ ಕಾರಣವಲ್ಲ. ಹೊಸ ವಾಹನಗಳ ಸೈಲೆನ್ಸರ್ ದಾರಿಯಲ್ಲಿರುವ, ಹೊಗೆ ಶುದ್ಧ ಮಾಡುವ ಅಮೂಲ್ಯ ಲೋಹಗಳಿಗೆ ಗಂಧಕ ವಿಷ. ಎಂಜಿನ್ ಎಷ್ಟೇ ಹೊಸದಿರಲಿ, ಎಣ್ಣೆ ಹಳೆಯದಾದರೆ ಆ ಲೋಹ ಕೆಲಸ ಬಿಡುತ್ತದೆ.

ನಮ್ಮೂರಿನ ಹಳೆಯ ಮೆಕ್ಯಾನಿಕ್ಕುಗಳು ಇದರ ಬಗ್ಗೆ ಗೊಣಗುವುದನ್ನು ಕೇಳಿದ್ದೇನೆ. "ಈಗಿನ ಡೀಸೆಲ್‌ನಲ್ಲಿ ಜಿಡ್ಡೇ ಇಲ್ಲ, ಪಂಪು ಬೇಗ ಹೋಗ್ತದೆ." ಗೊಣಗಾಟದಲ್ಲಿ ಅರ್ಧ ಸತ್ಯವಿದೆ. ಗಂಧಕ ತೆಗೆಯುವ ಭರದಲ್ಲಿ ಲೋಹಕ್ಕೆ ಲೋಹ ಉಜ್ಜದಂತೆ ಕಾಯುವ ಬೇರೆ ಕೆಲವು ಅಣುಗಳನ್ನೂ ಹೈಡ್ರೋಜನ್ ಕಿತ್ತುಹಾಕುತ್ತದೆ. ಆ ಕೊರತೆ ತುಂಬಲು ರಿಫೈನರಿಯವರೇ ಜಾರುವ ಗುಣದ ಬೆರಕೆಯೊಂದನ್ನು ಸೇರಿಸಿ ಕಳಿಸುತ್ತಾರೆ. ತೆಗೆದದ್ದನ್ನು ಮತ್ತೆ ಹಾಕುವ ಇನ್ನೊಂದು ಉದಾಹರಣೆ ನಿಮ್ಮ ಅಡುಗೆಮನೆಯಲ್ಲೇ ಇದೆ. ಶುದ್ಧ ಮಾಡಿದ ಎಲ್‌ಪಿಜಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವುದು ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್, ಅದು ಗಂಧಕದ ಸಂಯುಕ್ತ. ಅಷ್ಟು ಕಷ್ಟಪಟ್ಟು ಹೊರಗಟ್ಟಿದ್ದನ್ನು ಚಿಟಿಕೆಯಷ್ಟು ವಾಪಸು ಕರೆದು ಕಾವಲಿಗೆ ಕೂರಿಸಿದ್ದೇವೆ.

ಇನ್ನು ದರ. "ಬ್ರೆಂಟ್ ಇಳಿಯಿತಲ್ಲ, ನಮಗೇಕೆ ಇಳಿಯಲಿಲ್ಲ?" ಎನ್ನುವ ಪ್ರಶ್ನೆಗೆ ತೆರಿಗೆಯ ಉತ್ತರ ಬೇರೆಯೇ ಇದೆ, ಅದು ಇನ್ನೊಂದು ವಾರಕ್ಕೆ ಇರಲಿ. ಗಂಧಕದ ಉತ್ತರ ಹೀಗೆ: ನಾವು ಕುಡಿಯುವುದು ಹೆಚ್ಚಾಗಿ ಬ್ರೆಂಟ್ ಅಲ್ಲ. ಪೆಟ್ರೋಲಿಯಂ ಸಚಿವಾಲಯ ಲೆಕ್ಕ ಹಾಕುವ 'ಇಂಡಿಯನ್ ಬಾಸ್ಕೆಟ್' ದರದಲ್ಲಿ ಮುಕ್ಕಾಲಿಗೂ ಹೆಚ್ಚು ತೂಕ ಒಮಾನ್-ದುಬೈ ಎಂಬ ಹುಳಿ ಎಣ್ಣೆಗೆ, ಉಳಿದದ್ದು ಬ್ರೆಂಟಿಗೆ. ಹುಳಿ ಎಣ್ಣೆ ಸಾಮಾನ್ಯವಾಗಿ ಕೆಲವು ಡಾಲರ್ ಅಗ್ಗ, ಶುದ್ಧ ಮಾಡುವ ಕೂಲಿಯನ್ನು ಮೊದಲೇ ಕಳೆದುಕೊಟ್ಟ ಹಾಗೆ. ಆದರೆ ಇದೇನೂ ಶಾಸನವಲ್ಲ. ಕೊಲ್ಲಿ ದೇಶಗಳು ಉತ್ಪಾದನೆ ಬಿಗಿ ಮಾಡಿದಾಗ ದುಬೈ ದರ ಬ್ರೆಂಟನ್ನೂ ಮೀರಿದ್ದುಂಟು. ಅಗ್ಗದ ಅಂಗಡಿಯ ಅಕ್ಕಿಗೂ ಅಭಾವ ಬಂದರೆ ಬಾಸ್ಮತಿಯ ರೇಟು ಬರುತ್ತದಲ್ಲ, ಹಾಗೆ.

ಹುಳಿ ಎಣ್ಣೆಯನ್ನು ಜೀರ್ಣಿಸಿಕೊಳ್ಳುವ ಹೊಟ್ಟೆ ಇದ್ದವರಿಗೆ ಅದು ಲಾಭದ ಎಣ್ಣೆ. ಮಂಗಳೂರಿನ ಹತ್ತಿರ ಕುತ್ತೆತ್ತೂರಿನಲ್ಲಿರುವ ಎಂಆರ್‌ಪಿಎಲ್ ರಿಫೈನರಿ 1996ರಲ್ಲಿ ಶುರುವಾದದ್ದು, ಈಗ ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯ. ತಳದ ಶೇಷವನ್ನೂ ಬಿಡದೆ ಒಡೆಯುವ ಕೋಕರ್, ಗಂಧಕ ತೆಗೆಯುವ ಘಟಕ ಎಲ್ಲ ಅಲ್ಲಿವೆ. ಮಂಗಳೂರು, ಪಾದೂರಿನ ಬಂಡೆಗಳೊಳಗೆ ಕೊರೆದ ಗುಹೆಗಳಲ್ಲಿ ದೇಶದ ಆಪತ್ತಿಗೆಂದು 40 ಲಕ್ಷ ಟನ್ ಎಣ್ಣೆ ಇಡಲು ಜಾಗವಿದೆ. 2020ರಲ್ಲಿ ದರ ನೆಲಕಚ್ಚಿದಾಗ ಇಂಥ ಗುಹೆಗಳನ್ನು ತುಂಬಿದ್ದು ಸೌದಿ, ಯುಎಇ, ಇರಾಕಿನ ಎಣ್ಣೆಯಿಂದ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯದ ಎಣ್ಣೆ ನಮ್ಮ ಆಮದಿನ ಶೇ 2ಕ್ಕಿಂತ ಕೆಳಗಿದ್ದದ್ದು ಮೂರನೇ ಒಂದು ಪಾಲಿಗೂ ಮೇಲೇರಿತಲ್ಲ, ಅದರ ಹಿಂದಿನ ರಾಜಕೀಯವನ್ನೇ ಎಲ್ಲರೂ ಚರ್ಚಿಸಿದರು. ರಷ್ಯದ ಉರಾಲ್ಸ್ ತೈಲದ ಗಂಧಕ ಸುಮಾರು ಶೇ 1.5, ತೂಕವೂ ಮಧ್ಯಮ. ಅಂದರೆ ಕೊಲ್ಲಿಯ ಎಣ್ಣೆಗೆ ಒಗ್ಗಿದ್ದ ನಮ್ಮ ರಿಫೈನರಿಗಳಿಗೆ ಅದು ಹೊಸ ಊಟವೇ ಆಗಿರಲಿಲ್ಲ. ಅಡುಗೆಯವರು ಬದಲಾದರು, ಸಾರಿನ ಹುಳಿ ಅದೇ ಇತ್ತು.

ಅಮೆರಿಕದ್ದು ಇದಕ್ಕೆ ತಿರುಗಾಮುರುಗ. ಟೆಕ್ಸಾಸ್, ಲೂಸಿಯಾನಾ ಕರಾವಳಿಯವರು ಭಾರದ ಹುಳಿ ಎಣ್ಣೆಗೆಂದು ಕೋಟ್ಯಂತರ ಡಾಲರ್ ಸುರಿದು ಘಟಕ ಕಟ್ಟಿಕೊಂಡರು. ಆಮೇಲೆ ಅವರದೇ ನೆಲದ ಶೇಲ್ ಬಂಡೆಯಿಂದ ಹಗುರದ ಸಿಹಿ ಎಣ್ಣೆ ಉಕ್ಕಿತು. 2015ರ ಡಿಸೆಂಬರ್‌ನಲ್ಲಿ ರಫ್ತು ನಿಷೇಧ ತೆಗೆದು ಈಗ ಸಿಹಿಯನ್ನು ಹೊರಗೆ ಮಾರುತ್ತಾರೆ, ಹುಳಿಯನ್ನು ಒಳಗೆ ತರಿಸುತ್ತಾರೆ. ಹಿತ್ತಲಿನ ಮಲ್ಲಿಗೆ ಮಾರಿ ಸಂತೆಯಿಂದ ಸೇವಂತಿಗೆ ತಂದ ಹಾಗೆ ಕಂಡರೂ ಲೆಕ್ಕ ಸರಿಯಾಗಿಯೇ ಇದೆ.

ನನ್ನ ತಕರಾರು ಇರುವುದು ಲೆಕ್ಕದಲ್ಲಿ ಬಿಟ್ಟುಹೋಗುವ ಕಡೆ. ಪೆಟ್ರೋಲು, ಡೀಸೆಲ್ ಶುದ್ಧವಾದವು ನಿಜ. ತಳದ ಶೇಷದಿಂದ ಬಂದ ಪೆಟ್‌ಕೋಕ್, ಫರ್ನೇಸ್ ಆಯಿಲ್ ಕಾರ್ಖಾನೆಗಳ ಒಲೆಯಲ್ಲಿ ಉರಿದರೆ ಅದೇ ಗಂಧಕ ಇನ್ನೊಂದು ಚಿಮಣಿಯಿಂದ ಹೊರಗೆ ಬರುತ್ತದೆ. ದೆಹಲಿಯ ಸುತ್ತಲಿನ ರಾಜ್ಯಗಳಲ್ಲಿ ಇವೆರಡರ ಬಳಕೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಹಾಕಬೇಕಾದದ್ದು ಇದೇ ಕಾರಣಕ್ಕೆ. ಹಡಗುಗಳದು ಇನ್ನೂ ಸೊಗಸು. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ 3.5ರಿಂದ 0.5ಕ್ಕೆ ಇಳಿಯಿತು. ಹೊಗೆ ತೊಳೆಯುವ ಸ್ಕ್ರಬ್ಬರ್ ಇದ್ದವರು ಹಳೆಯ ಎಣ್ಣೆಯನ್ನೇ ಸುಡಬಹುದು. ಹಲವು ಹಡಗುಗಳು ಸಮುದ್ರದ ನೀರಿನಲ್ಲಿ ಹೊಗೆ ತೊಳೆದು ಆ ನೀರನ್ನು ಮತ್ತೆ ಸಮುದ್ರಕ್ಕೇ ಬಿಡುತ್ತವೆ. ಅಂಗಳ ಗುಡಿಸಿದ ಕಸವನ್ನು ಬೇಲಿಯಾಚೆ ಹಾಕುವ ನಮ್ಮ ಹಳೆಯ ಚಾಳಿ ಇದು. ಹುಳಿ ಎಣ್ಣೆಯನ್ನು ಬೈಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಗಂಧಕವನ್ನು ಹಳದಿ ಗಟ್ಟಿಯಾಗಿ ಕೈಗೆ ತೆಗೆದುಕೊಂಡರೆ ಅದು ಸರಕು, ಹೊಗೆಯಾಗಿ ಬಿಟ್ಟರೆ ಪಕ್ಕದವನ ಕೆಮ್ಮು.

ಸರಕಾದ ಗಂಧಕವನ್ನು ನಾನು ಮೊದಲು ರಾಶಿಯಾಗಿ ನೋಡಿದ್ದು ರಿಫೈನರಿಯಲ್ಲಲ್ಲ, ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ. ಕಬ್ಬು ಅರೆಯುವ ಹಂಗಾಮು. ಪರಿಚಯದ ಎಂಜಿನಿಯರೊಬ್ಬರು ಒಳಗೆ ಸುತ್ತಾಡಿಸುತ್ತಿದ್ದರು. ಒಂದು ಶೆಡ್ಡಿನಲ್ಲಿ ಅರಿಸಿನದ ಹಾಗೆ ಹಳದಿ ರಾಶಿ, ಪಕ್ಕದಲ್ಲಿ ಅದನ್ನು ಸುಡುವ ಒಲೆ. ಕಬ್ಬಿನ ಹಾಲಿಗೆ ಸುಣ್ಣ ಹಾಕಿ, ಗಂಧಕದ ಹೊಗೆ ಹಾಯಿಸಿ ತಿಳಿ ಮಾಡುತ್ತಾರೆ. ನಾವು ತಿನ್ನುವ ಸಕ್ಕರೆ ಬೆಳ್ಳಗಾಗುವುದು ಹಾಗೆ. ಒಂದು ಟನ್ ಕಬ್ಬಿಗೆ ಸುಮಾರು ಅರ್ಧ ಕಿಲೋ ಗಂಧಕ ಬೇಕು ಎಂದರು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಒಂದು ಪೀಪಾಯಿ ಅರಬ್ ಲೈಟಿನ ಹುಳಿ, ಐದು ಟನ್ ಕಬ್ಬಿನ ಸಿಹಿ. "ಇದು ಎಲ್ಲಿಂದ ಬರುತ್ತೆ ಗೊತ್ತಾ?" ಎಂದು ರಾಶಿ ತೋರಿಸಿ ಕೇಳಿದೆ. "ಎಣ್ಣೆ ಕಂಪ್ನಿಯಿಂದ ಸಾರ್. ನಮ್ಮ ಹುಡುಗ್ರು ಎಲ್ಲೋ ಗುಡ್ಡ ಅಗ್ದು ತರ್ತಾರೆ ಅನ್ಕೊಂಡವ್ರೆ" ಎಂದು ನಕ್ಕರು.

ಹೊರಗೆ ಬಂದಾಗ ಗೇಟಿನ ಹತ್ತಿರ ಒಂದು ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರಿನ ತುಂಬ ಕಪ್ಪಗೆ ಹಬೆಯಾಡುವ ಪ್ರೆಸ್‌ಮಡ್. ಸಕ್ಕರೆಗೆ ಕೆಲಸ ಮಾಡಿ ಮುಗಿಸಿದ ಗಂಧಕ ಸುಣ್ಣದ ಜೊತೆ ಕೂಡಿ ಹೆಚ್ಚಾಗಿ ಇಳಿಯುವುದು ಈ ಮಡ್ಡಿಗೆ. ಗದ್ದೆಗೆ ಗೊಬ್ಬರವಾಗಿ ಒಯ್ಯುತ್ತಾರೆ. ಎರಡು ದಿನ ರಾಶಿ ಬಿದ್ದಿತ್ತೇನೋ, ಹತ್ತಿರ ಹೋದಾಗ ವಾಸನೆ ಬಂತು. ಅಳಿವೆಯ ಕಾಂಡ್ಲಾ ಕೆಸರಿನಲ್ಲಿ ಕಾಲು ಹೂತಾಗ ಬರುತ್ತಿದ್ದದ್ದೇ. ಟ್ರ್ಯಾಕ್ಟರಿನವನು ನಾನು ಮೂಗು ಮುಚ್ಚಿಕೊಳ್ಳುತ್ತೇನೆಂದು ಕಾದು, ಮುಚ್ಚದ್ದನ್ನು ಕಂಡು, ಗೇರ್ ಹಾಕಿಕೊಂಡು ಹೊರಟುಹೋದ.